ಪೋಲೆಂಡಿನ ರಸ್ತೆ, ಚಾಮರಾಜಪೇಟೆಯ ದನಿ

ಹೋದ ವಾರ ಅಂಗಡಿಯ ಅಟ್ಟ ಗುಡಿಸುವಾಗ ರೆಕ್ಸಿನ್ ಸುರುಳಿಗಳ ಹಿಂದೆ ಒಂದು ಕಪ್ಪು ಹೆಲ್ಮೆಟ್ ಸಿಕ್ಕಿತು. ಧೂಳು ಒರೆಸಿದೆ, ಯಾಕೋ ತಲೆಗೂ ಹಾಕಿಕೊಂಡೆ. ಒಳಗಿನ ಸ್ಪಂಜಿನಲ್ಲಿ ಇನ್ನೂ ಬೆವರಿನ ವಾಸನೆ, ಜೊತೆಗೆ ಸೀಟಿಗೆ ಬಟ್ಟೆ ಅಂಟಿಸುವ ಸೊಲ್ಯೂಷನ್ನಿನ ಘಾಟು. ಅದು ಮೂಗಿಗೆ ಹೊಡೆದದ್ದೇ ತಡ, ಕೆಲವು ವರ್ಷಗಳ ಹಿಂದಿನ ಆ ಬೇಸಿಗೆ, ಆ ಮಳೆಗಾಲ, ಹಾಳಾದ ಆ ನವೆಂಬರ್ ಎಲ್ಲ ಒಟ್ಟಿಗೇ ನೆನಪಾಯಿತು. ಬೆವರು ನನ್ನದೇ. ಆ ಹೆಲ್ಮೆಟ್ ಹಾಕಿಕೊಂಡು ನಾನು ಒಂದು ಫರ್ಲಾಂಗು ಗಾಡಿ ಓಡಿಸಿದವನಲ್ಲ. ಆದರೂ ಅದರೊಳಗೆ ಕೂತು ಅರ್ಧ ಪೋಲೆಂಡು ಸುತ್ತಿದ್ದೇನೆ. ನೀವು ನಂಬದಿದ್ದರೂ ಬೇಸರವಿಲ್ಲ. ನಂಬಬೇಕಾಗಿದ್ದವರೇ ಆಗ ನಂಬಲಿಲ್ಲ.

ನಮ್ಮದು ಚಾಮರಾಜಪೇಟೆಯಲ್ಲಿ ಬೈಕಿನ ಸೀಟಿಗೆ ಕವರ್ ಹೊಲಿಯುವ ಅಂಗಡಿ. ಅಪ್ಪ ಇಟ್ಟದ್ದು. ಲೋಕೇಶ, ಅಂದರೆ ಲೋಕಿ, ನಮ್ಮ ಬೀದಿಯವನೇ. ಒಂದನೇ ಕ್ಲಾಸಿನಿಂದ ನನ್ನ ಪಕ್ಕದಲ್ಲೇ ಕೂತವನು. ಅವರಪ್ಪನದು ತರಕಾರಿ ಮಂಡಿ. ಇಬ್ಬರೂ ಒಟ್ಟಿಗೆ ಪೋಲೆಂಡಿಗೆ ಕೆಲಸಕ್ಕೆ ಹೋಗುವುದೆಂದು ಏಜೆಂಟನ ಹತ್ತಿರ ಅಲೆದೆವು. ಅಷ್ಟರಲ್ಲಿ ನಮ್ಮಪ್ಪ ಹಾಸಿಗೆ ಹಿಡಿದ. ನಾನು ಉಳಿದೆ, ಅವನು ಹೋದ. ಅಪ್ಪ ಆಮೇಲೆ ಏಳಲೇ ಇಲ್ಲ. ಮನೆಯಲ್ಲಿ ನಾನು, ಅಮ್ಮ, ಬೀದಿಯಲ್ಲಿ ಅಂಗಡಿ. ಲೋಕಿಯ ವಿಷಯಕ್ಕೆ ಬಂದರೆ, ಅಪ್ಪನ ಮಂಡಿಯಲ್ಲಿ ತರಕಾರಿ ಮುಟ್ಟೋಕೆ ಅಸಹ್ಯ ಅಂದಿದ್ದವನು ಅಲ್ಲಿ ಫ್ಯಾಕ್ಟರಿಯೊಂದರಲ್ಲಿ ದಿನಪೂರ್ತಿ ಕ್ಯಾರೆಟ್ ಪ್ಯಾಕ್ ಮಾಡುತ್ತಿದ್ದ. ಫೋನಿನಲ್ಲಿ ನಾನು ಇದನ್ನು ಹೇಳಿ ರೇಗಿಸಿದರೆ ಸಿಟ್ಟು ಬರುತ್ತಿತ್ತು.

ಎರಡನೇ ವರ್ಷ ಅವನೊಂದು ಸೆಕೆಂಡ್ ಹ್ಯಾಂಡ್ ಬೈಕು ಕೊಂಡ. ಹೆಲ್ಮೆಟ್ಟಿಗೆ ಕ್ಯಾಮೆರಾ ಕಟ್ಟಿಕೊಂಡು, ದಾರಿಯುದ್ದಕ್ಕೂ ಮಾತಾಡುತ್ತಾ ಹೋಗುವ ಮೋಟೋವ್ಲಾಗ್ ಚಾನೆಲ್ ಶುರು ಮಾಡಿದ. ಏಪ್ರಿಲ್ ತಿಂಗಳು, ಅಲ್ಲಿ ಹಿಮ ಕರಗಿ ಗಾಡಿ ಹೊರಗೆ ತೆಗೆಯುವ ಕಾಲವಂತೆ. ಇಲ್ಲಿ ನಮಗೆ ಬಿಸಿಲಿಗೆ ಶಟರ್ ಮುಟ್ಟಿದರೆ ಕೈ ಸುಡುತ್ತಿತ್ತು. ಮೊದಲ ವಿಡಿಯೋ ನೋಡಿ ನಕ್ಕುಬಿಟ್ಟೆ. ರಸ್ತೆ ಚೆನ್ನ, ಮರಗಳು ಚೆನ್ನ, ಆಕಾಶವೂ ಚೆನ್ನ. ಮಾತು ಮಾತ್ರ, "ಹಾಯ್ ಫ್ರೆಂಡ್ಸ್, ಈಗ ನಾವು ಹೋಗ್ತಾ ಇದೀವಿ... ಹಾ, ಹೋಗ್ತಾ ಇದೀವಿ..." ಇಷ್ಟೇ. ಉಳಿದದ್ದೆಲ್ಲ ಗಾಳಿಯ ಸದ್ದು, ಯಾರೋ ಪಕ್ಕದಲ್ಲಿ ಕೂತು ಬಟ್ಟೆ ಹರಿಯುತ್ತಿರುವ ಹಾಗೆ. ಹುಟ್ಟಿದಾಗಿನಿಂದ ಅವನು ಹಾಗೇ. ನಾಲ್ಕು ಜನ ನೋಡುತ್ತಿದ್ದಾರೆ ಅಂದರೆ ನಾಲಿಗೆ ಏಳುವುದಿಲ್ಲ.

"ಮಗಾ, ಯಾರೂ ನೋಡ್ತಿಲ್ಲ. ಏನ್ ಮಾಡ್ಲಿ?" ಅಂತ ಫೋನ್ ಮಾಡಿದ.

"ನೀನು ಬಾಯ್ ಮುಚ್ಕೊಂಡು ಗಾಡಿ ಓಡ್ಸು. ಮಾತು ನಾನಾಡ್ತೀನಿ" ಅಂದೆ.

ತಮಾಷೆಗೆ ಅಂದದ್ದು. ಅವನು ಗಟ್ಟಿಯಾಗಿ ಹಿಡಿದುಕೊಂಡ. ನನಗೂ ಒಳಗೊಳಗೇ ಆಸೆ. ಮೀಸೆ ಚಿಗುರುವ ಮೊದಲಿನಿಂದ ನಮ್ಮ ಏರಿಯಾದ ಮೈಕು ನನ್ನ ಕೈಯಲ್ಲಿತ್ತು. ರಾಜ್ಯೋತ್ಸವಕ್ಕೆ ಸ್ಟೇಜ್ ಹಾಕಲಿ, ಬೀದಿಯಲ್ಲಿ ಅಣ್ಣಮ್ಮ ದೇವಿಯನ್ನು ಕೂರಿಸಲಿ, ಮಾತಾಡುವವನು ಈ ಮಂಜುನಾಥನೇ. ಮಗು ಕಳೆದುಹೋದರೆ ಕೂಗುವವನೂ ನಾನೇ, ಪ್ರಸಾದ ಮುಗಿಯಿತು ಅಂತ ಬೈಸಿಕೊಳ್ಳುವವನೂ ನಾನೇ. ಆಮೇಲಾಮೇಲೆ ಆರ್ಕೆಸ್ಟ್ರಾದವರು ತಮ್ಮದೇ ನಿರೂಪಕರನ್ನು ಕರೆತರತೊಡಗಿದರು. ಅವರಿಗೆ ಕೋಟು, ಬೂಟು. ನನ್ನನ್ನು ಯಾರೂ ಬೇಡ ಅನ್ನಲಿಲ್ಲ, ಬಾ ಅಂತಲೂ ಅನ್ನಲಿಲ್ಲ.

ಹೀಗಾಗಿ ಆ ಬೇಸಿಗೆಯಲ್ಲಿ ನಮ್ಮ ಕಾರ್ಖಾನೆ ಶುರುವಾಯಿತು. ಲೋಕಿ ರಾತ್ರಿ ಕಳಿಸಿದ ವಿಡಿಯೋ ಬೆಳಿಗ್ಗೆ ನನ್ನ ಫೋನಿಗೆ ಬಂದಿರುತ್ತಿತ್ತು. ಜೊತೆಗೆ ಒಂದೆರಡು ಸಾಲು: ಇದು ಚರ್ಚು, ಇದು ನದಿ, ಇಲ್ಲಿ ಪೊಲೀಸ್ ನಿಲ್ಲಿಸಿದ. ಮಧ್ಯಾಹ್ನ ಗಿರಾಕಿ ಕಡಿಮೆಯಾದಾಗ ಶಟರ್ ಅರ್ಧ ಎಳೆಯುತ್ತಿದ್ದೆ. ಕವರ್ ಹಾಕಲು ಬಂದ ಯಾವುದೋ ಬೈಕಿನ ಸೀಟನ್ನು ಸ್ಟೂಲಿನ ಮೇಲಿಟ್ಟು ಅದರ ಮೇಲೆ ಕೂರುವುದು. ತಲೆಗೆ ಹೆಲ್ಮೆಟ್, ಗದ್ದದ ಹತ್ತಿರ ಸಣ್ಣ ಮೈಕು, ಎದುರಿಗೆ ಗಾಳಿಗೆಂದು ಟೇಬಲ್ ಫ್ಯಾನು. ಹೆಲ್ಮೆಟ್ ಹಾಕಿಕೊಂಡು ಆಡಿದರೇ ದನಿ ಡಬ್ಬಿಯೊಳಗಿಂದ ಬಂದಂತೆ ಕೇಳಿ, ಗಾಡಿ ಓಡಿಸುತ್ತಿರುವವನೇ ಮಾತಾಡುತ್ತಿದ್ದಾನೆ ಅನ್ನಿಸುವುದು. ವಿಡಿಯೋದಲ್ಲಿ ರಸ್ತೆ ಎಡಕ್ಕೆ ತಿರುಗಿದರೆ ನಾನೂ ಸ್ಟೂಲಿನ ಮೇಲೆ ಎಡಕ್ಕೆ ವಾಲುತ್ತಿದ್ದೆ. ಒಂದು ದಿನ ಗಿರಾಕಿಯೊಬ್ಬರು ಶಟರಿನಡಿ ಬಗ್ಗಿ ನೋಡಿ, "ಎಲ್ಲಿಗ್ ಸ್ವಾಮಿ ಹೊರಟ್ರಿ?" ಅಂತ ಕೇಳಿದರು. ಊಟದ ಡಬ್ಬಿ ತರುವ ಅಮ್ಮನಿಗೆ ಮಾತ್ರ ಎಲ್ಲ ಗೊತ್ತಿತ್ತು. "ತಿಂದ್ಕೊಂಡು ಹೋಗಪ್ಪ ಪೋಲೆಂಡಿಗೆ, ಸಾರು ಆರೋಗುತ್ತೆ" ಅನ್ನುತ್ತಿದ್ದಳು.

ನನಗೆ ಆ ದೇಶದ ತಲೆಬುಡ ಗೊತ್ತಿಲ್ಲ. ಗೊತ್ತಿರುವುದು ನಮ್ಮ ಪೇಟೆ. ಅದನ್ನೇ ಹೇಳಿದೆ. "ನೋಡಿ ಗುರು, ಈ ಸರ್ಕಲ್ ಇದೆಯಲ್ಲ, ಥೇಟ್ ನಮ್ಮ ಮಕ್ಕಳ ಕೂಟ. ವ್ಯತ್ಯಾಸ ಏನಪ್ಪಾ ಅಂದ್ರೆ ಇಲ್ಲಿ ಯಾರೂ ರಾಂಗ್ ಸೈಡಲ್ಲಿ ಬರಲ್ಲ. ಜೀವನದಲ್ಲಿ ಒಂದು ಮಜಾ ಬೇಡ್ವಾ?" ಅಂದೆ. ಹಳೆಯ ಊರಿನ ಇಕ್ಕಟ್ಟು ಓಣಿ ಬಂದರೆ ಚಿಕ್ಕಪೇಟೆ ಅಂದೆ, ಹೊರೆ ಹೊತ್ತವನು ಎದುರಿಗೆ ಬಂದರೆ ದಾರಿ ಬಿಡಿ ಅಂದೆ. ಗುಡ್ಡದ ಮೇಲೆ ಚರ್ಚು ಕಂಡರೆ ಹನುಮಂತನಗರದ ಗುಡ್ಡಕ್ಕೆ ಅಜ್ಜಿ ಜೊತೆ ಹತ್ತಿದ್ದು ಹೇಳಿದೆ. ಜನ ನೋಡತೊಡಗಿದರು. ಒಂದು ಸಲ ನಾನು ಮಾತಾಡುವಾಗ ಬೀದಿಯಲ್ಲಿ ಸಿಟಿ ಬಸ್ಸಿನವನು ಹಾರನ್ ಹೊಡೆದ. ಅದೂ ವಿಡಿಯೋದಲ್ಲಿ ಹೋಯಿತು. ಪೋಲೆಂಡಿನಲ್ಲೂ ನಮ್ಮ ಬಸ್ಸಿನ ಹಾರನ್ನೇ ಇದೆಯಾ ಅಂತ ಒಬ್ಬರು ಕೇಳಿದ್ದರು.

ಜೂನಿನ ಸೋನೆ ಶುರುವಾದಾಗ ಒಂದು ವಿಡಿಯೋ ಬಂತು. ಸಂಜೆ ಹೊತ್ತು, ರಸ್ತೆ ಪಕ್ಕದಲ್ಲಿ ಉದ್ದಕ್ಕೂ ಹೂವು, ಹೂವಿನ ನಡುವೆ ಗಾಜಿನ ದೀಪಗಳು. ಜೊತೆಗೆ ಲೋಕಿ ಏನೂ ಬರೆದಿರಲಿಲ್ಲ. "ಆಹಾ, ಲಾಲ್‌ಬಾಗ್ ಫ್ಲವರ್ ಶೋ ಗುರು, ಅದೂ ಲೈಟಿಂಗ್ ಸಮೇತ. ಟಿಕೆಟ್ ಕೌಂಟರ್ ಎಲ್ಲಿದೆ ನೋಡೋಣ, ಮನೇವ್ರನ್ನೆಲ್ಲಾ ಕರ್ಕೊಂಡ್ ಬರ್ಬೇಕು" ಅಂತ ಹೊಡೆದೆ. ಅದು ಸ್ಮಶಾನ. ಅಲ್ಲಿಯವರು ಗೋರಿಗಳಿಗೆ ಹೂವಿಟ್ಟು ದೀಪ ಹಚ್ಚುತ್ತಾರಂತೆ. ಲೋಕಿ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದ. ಎರಡು ದಿನ ಕಳೆಯುವಷ್ಟರಲ್ಲಿ ಆ ವಿಡಿಯೋ ಎಲ್ಲರ ಫೋನಿನಲ್ಲೂ ಓಡಾಡುತ್ತಿತ್ತು. ಏನ್ ತಮಾಷೆ ಮಾಡ್ತೀಯಾ ಗುರು, ದನಿಯಲ್ಲಿ ನಗು ಇಲ್ಲದೆ ಹೇಳ್ತೀಯಲ್ಲ ಅಂತ ಜನ ಬರೆದದ್ದೇ ಬರೆದದ್ದು. ಲೋಕಿ ಎಲ್ಲರಿಗೂ ಉತ್ತರ ಕೊಟ್ಟ: ಬೇಕಂತಲೇ ಹೇಳಿದ್ದು, ಥ್ಯಾಂಕ್ಸ್. ನಾನು ಮಾಡಿದ ಎಡವಟ್ಟು ಕೂಡ ನನ್ನ ಹೆಸರಿಗೆ ಬರಲಿಲ್ಲ. ಆಗ ಅದು ನಗು ತರಿಸಿತ್ತು.

ಚಾನೆಲ್ ಬೆಳೆಯಿತು. ಟೀ ಅಂಗಡಿಯಲ್ಲಿ, ಸಲೂನಿನಲ್ಲಿ ನನ್ನ ದನಿ ನನಗೇ ಕೇಳಿಸುವುದು. ಲೋಕಿಯ ಅಪ್ಪ ಮಂಡಿಯಲ್ಲಿ ಎಲ್ಲರಿಗೂ ಫೋನ್ ತೋರಿಸಿ, "ನಮ್ಮ ಹುಡುಗನ ಬಾಯಿ ನೋಡಿ. ಇಲ್ಲಿದ್ದಾಗ ಎರಡು ಮಾತಾಡ್ತಿರ್ಲಿಲ್ಲ. ಅಲ್ಲಿ ನೀರಿಗೆ ದನೀನೇ ತಿರುಗಿದೆ" ಅನ್ನುತ್ತಿದ್ದರು. ನಾನು ಪಕ್ಕದಲ್ಲೇ ನಿಂತು ಹೌದು ಹೌದು ಅನ್ನುತ್ತಿದ್ದೆ. ಗಾಡಿ ಅವನದು, ಹೆಸರು ಅವನದು, ಹಾಗಾಗಿ ದನಿ ನನ್ನದಿರಬಹುದು ಅಂತ ಬೀದಿಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಆಗಸ್ಟಿನಲ್ಲಿ, ಮಳೆ ಹಿಡಿದುಕೊಂಡಿದ್ದ ಒಂದು ಬೆಳಿಗ್ಗೆ, ಮಲ್ಲೇಶ್ವರದ ಒಂದು ಡಬ್ಬಿಂಗ್ ಸ್ಟುಡಿಯೋಗೆ ಹೋದೆ. ಬೇರೆ ಭಾಷೆಯ ಸೀರಿಯಲ್ಲುಗಳಿಗೆ ಕನ್ನಡ ದನಿ ಕೊಡುವವರು ಬೇಕಾಗಿದ್ದಾರೆ ಅಂತ ತಿಳಿದಿತ್ತು. ಆ ಬೀದಿಯಲ್ಲಿ ಇನ್ನೂ ದೊಡ್ಡ ಮರಗಳಿವೆ. ಮಳೆ ನಿಂತರೂ ಎಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅಪ್ಪನ ನಂತರ ಆ ಅಂಗಡಿಯೇ ನನ್ನ ಹಣೆಬರಹ ಅಂದುಕೊಂಡಿದ್ದವನು ಅವತ್ತು ಮೈಕಿನ ಮುಂದೆ ನಿಂತೆ. ಒಂದು ಪುಟ ಓದಿದೆ. ಸ್ಟುಡಿಯೋದ ಯಜಮಾನರು ಕನ್ನಡಕ ತೆಗೆದು ನೋಡಿದರು.

"ಈ ದನಿ ಎಲ್ಲೋ ಕೇಳಿದೀನಲ್ರೀ."

ಚಾನೆಲಿನ ಹೆಸರು ಹೇಳಿದೆ. ಅವರ ಮುಖ ಅರಳಿ, ಹಾಗೇ ಬಾಡಿತು. "ಓ, ಅವರ ಮಿಮಿಕ್ರಿ. ಚೆನ್ನಾಗ್ ಮಾಡ್ತೀರ. ಆದ್ರೆ ನಮಗೆ ಸ್ವಂತ ದನಿ ಇರೋರು ಬೇಕು."

"ಸಾರ್, ಅದು ನನ್ನದೇ. ಅವನು ಗಾಡಿ ಓಡಿಸ್ತಾನೆ ಅಷ್ಟೆ."

"ವಾರಕ್ಕೆ ಇಬ್ಬರು ಬಂದು ಹೀಗೇ ಹೇಳ್ತಾರೆ" ಅಂದರು, ಬೇಸರದಿಂದಲ್ಲ, ಸಮಾಧಾನವಾಗಿಯೇ. "ಒಂದ್ ಕೆಲಸ ಮಾಡಿ. ಅವರ ಬಾಯಲ್ಲಿ ನಾಲ್ಕು ಜನದ ಎದುರಿಗೆ ಒಂದು ಮಾತು ಹೇಳ್ಸಿ, ಇದು ಇವನ ದನಿ ಅಂತ. ಮಾರನೇ ದಿನ ಬನ್ನಿ. ಕೆಲಸ ಇದೆ, ಸುಳ್ಳು ಹೇಳಲ್ಲ."

ಬಸ್ಸು ಹತ್ತುವ ಮೊದಲೇ ಲೋಕಿಗೆ ಫೋನ್ ಮಾಡಿದೆ. ಯಜಮಾನರ ಮಾತು ಹೇಳಿದೆ.

"ಈಗ ಬೇಡ ಮಗಾ. ಜನ ಬೇಜಾರ್ ಮಾಡ್ಕೋತಾರೆ, ಮೋಸ ಅಂತಾರೆ. ನವೆಂಬರಲ್ಲಿ ಬರ್ತೀನಲ್ಲ, ನಮ್ಮ ರಾಜ್ಯೋತ್ಸವದ ಸ್ಟೇಜಲ್ಲೇ ನಿನ್ನ ಕೈ ಹಿಡ್ಕೊಂಡು ಹೇಳ್ತೀನಿ. ಅಣ್ಣಮ್ಮನಾಣೆ."

ಅಣ್ಣಮ್ಮನ ಮೇಲೆ ಆಣೆ ಇಟ್ಟು ನಮ್ಮ ಬೀದಿಯಲ್ಲಿ ಯಾರೂ ಸುಳ್ಳು ಹೇಳಿದ್ದು ನಾನು ಕಂಡಿರಲಿಲ್ಲ. ಕಾಯುತ್ತೇನೆ ಅಂದೆ. ಸೆಪ್ಟೆಂಬರ್, ಅಕ್ಟೋಬರ್ ಅಲ್ಲಿ ಎಲೆ ಹಳದಿಯಾಗಿ ಉದುರುವ ತಿಂಗಳುಗಳು. ನಾನು ಜೀವ ತೇಯ್ದು ಮಾತಾಡಿದೆ. ಅಮ್ಮನಿಗೂ ಸ್ಟುಡಿಯೋದ ವಿಷಯ ಹೇಳಿದ್ದೆ. ಅವಳು ನಾನು ಕೆಲಸಕ್ಕೆ ಹಾಕಿಕೊಂಡು ಹೋಗಲೆಂದು ಅಪ್ಪನ ಎರಡು ಒಳ್ಳೆ ಅಂಗಿಗಳನ್ನು ನನ್ನ ಅಳತೆಗೆ ಹಿಡಿಸಿದಳು.

ಲೋಕಿ ಬಂದ. ಬೀದಿಯುದ್ದಕ್ಕೂ ಹಳದಿ ಕೆಂಪು ಬಾವುಟ, ಮೂಲೆಯಲ್ಲಿ ಅವನ ಫ್ಲೆಕ್ಸು. ನನಗೊಂದು ಜಾಕೆಟ್ ತಂದಿದ್ದ, ಅದರೊಳಗೆ ನನ್ನಂಥವರು ಇಬ್ಬರು ಹಿಡಿಯುವಷ್ಟು ದೊಡ್ಡದು. ಯುವಕರ ಸಂಘದವರು ರಾಜ್ಯೋತ್ಸವದ ಸಂಜೆ ಅವನಿಗೆ ಸನ್ಮಾನ ಇಟ್ಟುಕೊಂಡಿದ್ದರು. ಅವತ್ತು ಮಧ್ಯಾಹ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತ.

"ಮಗಾ, ಒಂದ್ ಪ್ರಾಬ್ಲಂ. ಅವ್ರು ನನ್ನ ಮಾತಾಡು ಅಂತಾರೆ."

"ಮಾತಾಡು. ನಿಜ ಹೇಳು. ನೀನು ಹೇಳ್ತೀನಿ ಅಂದಿದ್ದೇ ಅದನ್ನಲ್ವಾ?"

"ಹೇಳ್ತೀನಿ ಕಣೋ, ಕೊನೇಲಿ ಹೇಳ್ತೀನಿ. ಮೊದಲು ಐದು ನಿಮಿಷ ನೀನು ಪರದೆ ಹಿಂದಿನಿಂದ ಮಾತಾಡು. ನಾನು ಹೆಲ್ಮೆಟ್ ಹಾಕ್ಕೊಂಡು ನಿಂತಿರ್ತೀನಿ, ಮೈಕ್ ಒಳಗೇ ಇದೆ ಅಂತ ಹೇಳಿದೀನಿ. ಜನ ಖುಷಿಯಾಗ್ಲಿ. ಆಮೇಲೆ ಹೆಲ್ಮೆಟ್ ತೆಗೆದು ನಿನ್ನ ಸ್ಟೇಜಿಗೆ ಕರೀತೀನಿ. ಎಲ್ಲಾ ಬೆರಗಾಗ್ಬೇಕು."

ಮೂಗಿಗೆ ತುಪ್ಪ ಅಂದರೆ ಇದೇ. ನನಗೆ ಅದು ಚೆಂದದ ಉಪಾಯ ಅಂತಲೇ ಕಂಡಿತು. ಅಪ್ಪನ ಅಂಗಿ ಹಾಕಿಕೊಂಡು ಹೋಗಿ ಪರದೆಯ ಹಿಂದೆ, ಸೌಂಡ್ ಸಿಸ್ಟಮ್ಮಿನವನ ಪಕ್ಕದಲ್ಲಿ ಕೂತೆ. ಪರದೆಯ ಸಂದಿಯಲ್ಲಿ ಲೋಕಿಯ ಬೆನ್ನು, ಅದರಾಚೆ ಪ್ಲಾಸ್ಟಿಕ್ ಕುರ್ಚಿಗಳ ಸಾಲು. ಹೆಂಗಸರ ಸಾಲಿನಲ್ಲಿ ಅಮ್ಮ ಎಲ್ಲೋ ಕೂತಿದ್ದಳು.

"ನಮಸ್ಕಾರ ಚಾಮರಾಜಪೇಟೆ" ಅಂದೆ. ಬೀದಿ ಎದ್ದು ಕೂತಿತು. ಶಿಳ್ಳೆ, ಕೂಗು, ಎತ್ತಿ ಹಿಡಿದ ಫೋನುಗಳು. ಫ್ಲವರ್ ಶೋ ಕಥೆ ಹೇಳಿದೆ, ಮಕ್ಕಳ ಕೂಟ ಹೇಳಿದೆ, ಬಸ್ಸಿನ ಹಾರನ್ ಹೇಳಿದೆ. ಎಷ್ಟೋ ವರ್ಷದ ಮೇಲೆ ನನ್ನ ಬೀದಿಯ ಮೈಕು ನನ್ನ ಕೈಗೆ ಬಂದಿತ್ತು, ಮುಖ ಮಾತ್ರ ಬೇರೆಯವನದು. ಹೇಳಬೇಕಾದ್ದೆಲ್ಲ ಹೇಳಿ ನಿಲ್ಲಿಸಿದೆ. ಈಗ ಅವನು ಹೆಲ್ಮೆಟ್ ತೆಗೆಯಬೇಕು. ತೆಗೆಯಲಿಲ್ಲ. ಕೈಯನ್ನು ಬೆನ್ನ ಹಿಂದೆ ತಂದು, ಮುಂದುವರಿಸು ಅಂತ ಬೆರಳು ತಿರುಗಿಸಿದ. ಇನ್ನೊಂದಿಷ್ಟು ಹೇಳಿ ಮತ್ತೆ ನಿಲ್ಲಿಸಿದೆ. ಅವನು ಎರಡೂ ಕೈ ಎತ್ತಿ ಜನರತ್ತ ಬೀಸುತ್ತಾ ಸ್ಟೇಜಿನ ಅಂಚಿನವರೆಗೂ ಹೋದ. ಆ ಬೆನ್ನು ನೋಡಿದಾಗಲೇ ಗೊತ್ತಾಯಿತು, ಇವನು ತೆಗೆಯುವವನಲ್ಲ. ಸಿಟ್ಟಿಗೆ ಮೈಕನ್ನು ಬಾಯಿಗೆ ಒತ್ತಿ ಹಿಡಿದೆ.

"ಈಗ ನಿಜ ಹೇಳ್ತೀನಿ ಕೇಳಿ" ಅಂದೆ. ಬೀದಿ ಗಪ್ಪಾಯಿತು. "ನಾನು ಲೋಕಿ ಅಲ್ಲ. ನಾನು ಮಂಜುನಾಥ, ಸೀಟ್ ಕವರ್ ಅಂಗಡಿ ಮಂಜುನಾಥ. ನಾನು ಪೋಲೆಂಡ್ ನೋಡಿಲ್ಲ. ಇದೇ ಬೀದೀಲಿ ಸ್ಟೂಲ್ ಮೇಲೆ ಕೂತ್ಕೊಂಡು ಇಷ್ಟು ದಿವಸ ನಿಮಗೆಲ್ಲ ಪೋಲೆಂಡ್ ತೋರಿಸಿದ್ದು ನಾನು. ಈ ದನಿ ನಂದು."

ಲೋಕಿ ಒಂದು ಕ್ಷಣ ಮರಗಟ್ಟಿ ನಿಂತ. ಆಮೇಲೆ ಬಲಗೈಯನ್ನು ಎದೆಯ ಮೇಲಿಟ್ಟುಕೊಂಡು, ತಲೆ ಬಗ್ಗಿಸಿ, ಮಂಡಿಯೂರಿ ಸ್ಟೇಜನ್ನು ಮುಟ್ಟಿ ನಮಸ್ಕಾರ ಮಾಡಿದ. ಬಾಯಿ ಬಾರದವನಿಗೆ ಅಷ್ಟು ಬುದ್ಧಿ ಎಲ್ಲಿಂದ ಬಂತೋ. ಕೋಟಿನ ನಿರೂಪಕ ಓಡಿ ಬಂದು ಮೈಕು ಹಿಡಿದ. "ಕೇಳಿದ್ರಾ ಬಂಧುಗಳೇ? ಗೆಳೆಯನ ಹೆಸರನ್ನೇ ತನ್ನ ಹೆಸರು ಅಂತಾರೆ, ನನ್ನ ದನಿ ಅವನದು ಅಂತಾರೆ. ಎಷ್ಟೇ ದೂರ ಹೋದ್ರೂ ಊರಲ್ಲಿ ಬಿಟ್ಟುಹೋದ ಸ್ನೇಹಿತನ್ನ ಮರೆತಿಲ್ಲ. ಸ್ನೇಹ ಅಂದ್ರೆ ಇದು." ಚಪ್ಪಾಳೆ ನಿಲ್ಲಲೇ ಇಲ್ಲ. ಮುಂದಿನ ಸಾಲಿನ ಹಿರಿಯರು ಎದ್ದು ನಿಂತು ತಟ್ಟಿದರು.

ಅಲ್ಲ, ಅಲ್ಲ ಅಂತ ಮೈಕಿನಲ್ಲಿ ಕೂಗಿದೆ. ಸದ್ದೇ ಹೊರಡಲಿಲ್ಲ. ಸೌಂಡಿನವನ ಕಡೆ ನೋಡಿದರೆ ಅವನು ನಿರಾಳವಾಗಿ, "ಐದು ನಿಮಿಷ ಆದ್ಮೇಲೆ ಈ ಮೈಕ್ ಆಫ್ ಮಾಡ್ಬೇಕು ಅಂತ ಲೋಕಿ ಅವ್ರು ಬೆಳಿಗ್ಗೆನೇ ಹೇಳಿದ್ರಲ್ಲ ಮಂಜಣ್ಣ. ನಿಮಗ್ ಹೇಳಿರ್ಲಿಲ್ವಾ?" ಅಂದ.

ಮೆಟ್ಟಿಲು ಹತ್ತಿ ಸ್ಟೇಜಿಗೆ ನುಗ್ಗಿದೆ. ಅಷ್ಟರಲ್ಲಿ ಆರ್ಕೆಸ್ಟ್ರಾ ಶುರುವಾಗಿತ್ತು. ಲೋಕಿ ಈಗ ಹೆಲ್ಮೆಟ್ ತೆಗೆದು ನನ್ನನ್ನು ಬಿಗಿಯಾಗಿ ತಬ್ಬಿಕೊಂಡ, ಕಿವಿಯಲ್ಲಿ, "ಸಖತ್ತಾಗ್ ಹೊಡ್ದೆ ಮಗಾ, ಜನ ಅಳ್ತಿದಾರೆ ನೋಡು" ಅಂದ. ಅವನಿಗೆ ಹಾರ, ಪೇಟ. ನನಗೊಂದು ಶಾಲು ಹೊದಿಸಿದರು, ಅವನ ಗೆಳೆಯನಾಗಿದ್ದಕ್ಕೆ. ಡ್ರಮ್ಮಿನ ಸದ್ದಿನಲ್ಲಿ ನಾನು ಏನು ಅರಚಿದೆನೋ ನನಗೇ ಕೇಳಿಸಲಿಲ್ಲ. ಫೋಟೋದಲ್ಲಿ ನಾನು ಬಾಯಿ ತೆರೆದು ನಗುತ್ತಿರುವಂತೆ ಕಾಣುತ್ತದೆ.

ಮಾರನೇ ದಿನವೇ ಮಲ್ಲೇಶ್ವರಕ್ಕೆ ಹೋದೆ. ಯಜಮಾನರು ಆಗಲೇ ಆ ವಿಡಿಯೋ ನೋಡಿದ್ದರು. "ಎಂಥಾ ಫ್ರೆಂಡ್ ರೀ ನಿಮಗೆ. ಅಷ್ಟು ಜನದ ಎದುರಿಗೆ ನಿಮ್ಮ ಹೆಸರು ತಗೊಂಡ್ರು."

"ಸಾರ್, ಅದನ್ನ ಹೇಳಿದ್ದು ನನ್ನ ಬಾಯಿ."

ಅವರು ನಕ್ಕು, ಕಾಫಿ ತರಿಸಿದರು. ಕೆಲಸದ ಮಾತು ಎತ್ತಲಿಲ್ಲ.

ಲೋಕಿ ವಾಪಸು ಹೊರಡುವ ಮುಂಚೆ ಕೇಳಿಯೇಬಿಟ್ಟೆ, ಆಣೆ ಏನಾಯ್ತು ಅಂತ. "ಹೇಳಾಯ್ತಲ್ಲ ಮಗಾ. ನಿನ್ನ ಹೆಸರು ಬಂತು, ಶಾಲು ಬಂತು. ಇನ್ನೇನ್ ಬೇಕು ನಿಂಗೆ?" ಅಂದ. ನಿಜವಾಗಿಯೂ ಅರ್ಥವಾಗದವನಂತೆ ಮುಖ ನೋಡಿದ. ಅವನ ಜಾಕೆಟ್ಟನ್ನು ಅವನ ಕೈಗೇ ಕೊಟ್ಟು ಶಟರ್ ಎಳೆದೆ. ಅದೇ ಕೊನೆ. ಆಮೇಲೆ ಅವನು ಕಳಿಸಿದ, ಹಿಮಕ್ಕೆ ಮುಂಚೆ ತೆಗೆದಿಟ್ಟಿದ್ದ ವಿಡಿಯೋಗಳಿಗೆ ನಾನು ಬಾಯಿ ಬಿಡಲಿಲ್ಲ. ದನಿ ಕೊಡಲು ಅವನು ಮತ್ತಿಕೆರೆಯಲ್ಲಿ ರೂಮು ಮಾಡಿಕೊಂಡಿರುವ ಯಾರೋ ಒಬ್ಬನನ್ನು ಹಿಡಿದ. ಅವನೂ ಹಾಗೇ ಹೇಳುತ್ತಾನೆ, ನೋಡಿ ಗುರು, ಥೇಟ್ ಮಕ್ಕಳ ಕೂಟ ಅಂತ. ದನಿ ಬದಲಾಗಿದೆಯಲ್ಲ ಅಂತ ಕೆಲವರು ಕೇಳಿದರು. ಇಲ್ಲಿ ಚಳಿ, ಗಂಟಲು ಕಟ್ಟಿದೆ ಅಂತ ಲೋಕಿ ಬರೆದ. ಸ್ವಲ್ಪ ದಿನಕ್ಕೆ ಕೇಳುವವರೂ ನಿಂತರು. ಸುಟ್ಟುಕೊಂಡದ್ದು ನಾನೊಬ್ಬನೇ ಅಂದುಕೊಂಡಿದ್ದೆ.

ಡಿಸೆಂಬರಿನಲ್ಲಿ ಒಂದು ಭಾನುವಾರ ಅಮ್ಮ ಮನೆಯ ಮುಂದೆ ಬಿಸಿಲಿಗೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನೂ ಕೂತೆ. ಪಕ್ಕದ ಮನೆಯ ಕಿಟಕಿಯಿಂದ ಯಾರದೋ ಫೋನಿನಲ್ಲಿ ಆ ಚಾನೆಲ್ ಕೇಳಿಸಿತು.

"ಇದು ನೀನಲ್ಲ" ಅಂದಳು ಅಮ್ಮ.

"ಅಲ್ಲ."

ಸ್ವಲ್ಪ ಹೊತ್ತು ಸುಲಿದಳು. ಆಮೇಲೆ ನನ್ನ ಮುಖ ನೋಡದೆ ಹೇಳಿದಳು. "ಅವತ್ತು ಸ್ಟೇಜ್ ಮುಂದೆ, ನೀನು 'ನಾನು ಮಂಜುನಾಥ' ಅಂದೆಯಲ್ಲ, ಆಗ ಪಕ್ಕದಲ್ಲಿ ಕೂತಿದ್ದ ಯಾರೋ ಬೇರೆ ಕಡೆಯ ಹೆಂಗಸಿಗೆ ಹೇಳ್ದೆ, ಈ ಮಾತಾಡ್ತಿರೋದು ನನ್ನ ಮಗ ಅಂತ. ಆಕೆ ನನ್ನ ಕೈ ಹಿಡ್ಕೊಂಡು, ಹೌದಮ್ಮ, ಅವನು ನಮ್ಮೆಲ್ಲರ ಮಗ ಅಂದ್ಳು."

"ನೀನೇನಂದೆ?"

"ಮತ್ತೆ ಹೇಳ್ದೆ. ನನ್ನ ಹೊಟ್ಟೇಲಿ ಹುಟ್ಟಿದೋನು ಕಣಮ್ಮ, ಅವನ ದನಿ ನಂಗೊತ್ತಿಲ್ವಾ ಅಂದೆ. ಆಕೆ ಕಣ್ಣೊರೆಸ್ಕೊಂಡ್ಳು. ಬೇರೆಯವ್ರ ಮಗನ್ನೂ ಇಷ್ಟು ಹಚ್ಕೊಂಡಿದೀರಲ್ಲ, ನೀವು ದೊಡ್ಡೋರು ಅಂದ್ಳು."

ಅಮ್ಮ ಮಡಿಲಿನ ಸಿಪ್ಪೆಯನ್ನು ಪೇಪರಿಗೆ ಕೊಡವಿದಳು.

"ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೀತಿದ್ರು. ನಾನೊಬ್ಳೇ ಸುಮ್ನೆ ಕೂತಿದ್ರೆ ಏನಂದ್ಕೋತಾರೋ ಅಂತ, ನಾನೂ ಎದ್ದು ಚಪ್ಪಾಳೆ ಹೊಡ್ದೆ ಕಣೋ. ಲೋಕಿಗೆ."